ರಾಜಿಗೊಂದು ದೀರ್ಘ

ಮನುಷ್ಯನನ್ನು ಮೃಗಗಳಿಂದ ಬೇರ್ಪಡಿಸಿ ಮೇಲಕ್ಕೆತ್ತಿದ್ದು ಭಾಷೆ ಎಂದು ತಿಳಿದವರೆಲ್ಲ ಹೇಳುತ್ತಾರೆ. ನಾನೂ ಒಂಬತ್ತನೇ ತರಗತಿಯ ಮಕ್ಕಳಿಗೆ ವರ್ಷವರ್ಷವೂ ಜೂನ್ ತಿಂಗಳ ಮೊದಲ ಪಾಠದಲ್ಲಿ ಇದನ್ನೇ ಗಂಟಲು ಸರಿಮಾಡಿಕೊಂಡು ಹೇಳುತ್ತಾ ಬಂದವನು. ಆದರೆ ತುಮಕೂರಿನ ನಮ್ಮ ಉಪ್ಪಾರಹಳ್ಳಿಯ ಬೀದಿಯಲ್ಲಿ ಮಲಗಿರುವ ಯಾವ ನಾಯಿಯೂ ತನ್ನ ಒಂದು ಬೊಗಳಿಕೆಗೆ ಎರಡು ಅರ್ಥ ಹುಟ್ಟಿತು ಎನ್ನುವ ಕಾರಣಕ್ಕೆ ಬೀದಿ ಕಳೆದುಕೊಂಡದ್ದನ್ನು ನಾನು ಕಂಡಿಲ್ಲ. ನಾನು ಕಳೆದುಕೊಂಡೆ. ಹಾಗಾಗಿ, ಗುಬ್ಬಿಯ ಒಂದು ಶಾಲೆಯಲ್ಲಿ ಹಳಗನ್ನಡ ಪದ್ಯ ಬಿಡಿಸುತ್ತಿರಬೇಕಾದ ಹೊತ್ತಿನಲ್ಲಿ, ಮನೆಯ ಮುಂದಿನ ಮೆಟ್ಟಿಲ ಮೇಲೆ ಕುಳಿತು ಆ ನಾಯಿಗಳನ್ನು ನೋಡುತ್ತಿರುತ್ತೇನೆ. ಅವೂ ನನ್ನನ್ನು ನೋಡುತ್ತವೆ. ಅವುಗಳ ಕಣ್ಣಿನಲ್ಲಿ ಸ್ವಲ್ಪ ಮರುಕ ಇದ್ದ ಹಾಗೆ ಕಾಣುತ್ತದೆ.

ನನ್ನನ್ನು ಇಲ್ಲಿ ಕೂರಿಸಿದ ಪದ 'ರಾಜಿ'. ಎರಡೇ ಅಕ್ಷರ. ಸಾಧು ಪ್ರಾಣಿಯಂತೆ ಕಾಣುತ್ತದೆ.

ಪದಗಳ ಸಹವಾಸ ನನಗೆ ಹಳೆಯದು. ಅದರ ಪಾಲುದಾರರು ಒಬ್ಬ ಸಾಹೇಬರು. ಕುಣಿಗಲ್ಲಿನಲ್ಲಿ ಹುಟ್ಟಿ, ಅಲ್ಲಿಯ ಉರ್ದು ಶಾಲೆಯಲ್ಲೇ ಬಹಳ ಕಾಲ ಮೇಷ್ಟ್ರಾಗಿದ್ದು, ನಿವೃತ್ತರಾದ ಮೇಲೆ ತುಮಕೂರಿನ ಸದಾಶಿವನಗರದಲ್ಲಿ ಮಗಳ ಮನೆಯ ಹತ್ತಿರ ಬಂದು ನೆಲೆಸಿದವರು. ಸಂಜೆ ನಾನು ಗುಬ್ಬಿಯಿಂದ ರೈಲಿನಲ್ಲಿ ಬಂದು ಇಳಿಯುವ ಹೊತ್ತಿಗೆ ಸರಿಯಾಗಿ ಸ್ಟೇಷನ್ ಮುಂದಿನ ಟೀ ಅಂಗಡಿಯ ಬೆಂಚಿನ ಮೇಲೆ ಅವರು ಇರುತ್ತಿದ್ದರು. ನನ್ನನ್ನು ಕಂಡ ಕೂಡಲೆ, "ಬಂದಾ ಬಂದ!" ಎನ್ನುತ್ತಿದ್ದರು. ಇದು ಅವರೇ ಕಟ್ಟಿದ ಚಮತ್ಕಾರ. ಮೊದಲನೆಯ ಬಂದಾ ಅವರ ಭಾಷೆಯದು, ಸೇವಕ ಅಂತ ಅರ್ಥ. ಎರಡನೆಯದು ನಮ್ಮದು, ಬಂದ ಅಂತಲೇ ಅರ್ಥ. ಒಟ್ಟು ಸೇರಿದರೆ 'ಆಳು ಬಂದ'. ಖಾಸಗಿ ಶಾಲೆಯ ಮೇಷ್ಟ್ರನ್ನು ಇಷ್ಟು ಕಡಿಮೆ ಅಕ್ಷರದಲ್ಲಿ ಯಾರೂ ವರ್ಣಿಸಿರಲಾರರು.

ಅಲ್ಲಿಂದ ನಮ್ಮ ಆಟ ಶುರು. ದಿನಕ್ಕೊಬ್ಬರು ಒಂದು ಪದ ತರಬೇಕು. ಪದ ಒಂದೇ ಇರಬೇಕು, ಭಾಷೆ ಬೇರೆ ಇರಬೇಕು, ಅರ್ಥಕ್ಕೂ ಅರ್ಥಕ್ಕೂ ಮುಖಪರಿಚಯವೂ ಇರಬಾರದು.

"ಕಲ್," ಎಂದರು ಒಂದು ದಿನ. "ನಮ್ಮಲ್ಲಿ ನಿನ್ನೆ ಅಂತಾನೂ ಕಲ್ಲೇ, ನಾಳೆ ಅಂತಾನೂ ಕಲ್ಲೇ."

"ನಮ್ಮಲ್ಲಿ ಕಲ್ ಅಂದ್ರೆ ಬರೀ ಕಲ್ಲು ಸಾಹೇಬ್ರೇ."

"ಹಂಗಾದ್ರೆ ಅರ್ಥ ಒಂದೇ ಆಯ್ತು ಬಿಡಿ. ನಿನ್ನೆ ತಲೆ ಮೇಲೆ ಬಿದ್ದಿದ್ದು, ನಾಳೆ ಬೀಳೋದು. ಈ ಪದ ಆಗಲ್ಲ, ಬೇರೆ ತರ್ತೀನಿ."

ಗಲ್ಲ ತಂದವನು ನಾನು. ನಮಗೆ ಅದು ಕೆನ್ನೆ. ಅವರಿಗೆ ಅದು ದವಸ, ಅಂಗಡಿಯವನಿಗೆ ದುಡ್ಡಿನ ಪೆಟ್ಟಿಗೆ. ಟೀ ಅಂಗಡಿಯವನು ತನ್ನ ಗಲ್ಲಾ ತಟ್ಟಿ ತೋರಿಸಿದ. ಸಾಹೇಬರು ಅವನ ಗಲ್ಲ ತಟ್ಟಿದರು. ಜಮೀನು ಮತ್ತು ಜಾಮೀನು ತಂದ ದಿನವಂತೂ ಕತ್ತಲಾದರೂ ನಾವು ಏಳಲಿಲ್ಲ. ಒಂದು ಪಾರಸಿ, ಒಂದು ಅರಬ್ಬಿ. ಬೇರು ಬೇರೆ, ಊರು ಬೇರೆ. ಕನ್ನಡಕ್ಕೆ ಬಂದ ಮೇಲೆ ಇಬ್ಬರ ನಡುವೆ ಉಳಿದದ್ದು ಒಂದು ದೀರ್ಘ ಮಾತ್ರ. "ದೀರ್ಘ ಇಲ್ದಿದ್ರೆ ಹೊಲ, ಇದ್ರೆ ಜೈಲಿಂದ ಬಿಡುಗಡೆ," ಎಂದೆ. "ನಿಮ್ಮ ಕನ್ನಡದಲ್ಲಿ ಒಂದು ಕೊಂಬು ಒಂದು ಇಳಿ ಮನುಷ್ಯನ ನಸೀಬೇ ಬದಲಾಯಿಸ್ಬಿಡ್ತದೆ ಮೇಷ್ಟ್ರೇ," ಎಂದು ಸಾಹೇಬರು ತಲೆದೂಗಿದರು. ಆ ಮಾತನ್ನು ನಾನು ಬಹಳ ಮೆಚ್ಚಿಕೊಂಡೆ. ಮೆಚ್ಚಿಕೊಂಡು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಮೆಚ್ಚಲಿಲ್ಲ.

ಇನ್ನು ಶಾಲೆಯ ವಿಷಯ. ಅದು ಸರ್ಕಾರದ ಅನುದಾನವಿಲ್ಲದ ಖಾಸಗಿ ಶಾಲೆ. ನನ್ನನ್ನು ನೇಮಿಸಿದವರು ಅದನ್ನು ಕಟ್ಟಿದ ಹಿರಿಯರು. ಅವರು ತೀರಿಕೊಂಡ ಮೇಲೆ ಮಗ ಕಾರ್ಯದರ್ಶಿಯಾದರು. ನಲವತ್ತರ ಆಸುಪಾಸಿನ, ಬಿಳಿ ಅಂಗಿಯ, ಎಲ್ಲರಿಗೂ ಮೊದಲು ತಾವೇ ನಮಸ್ಕಾರ ಹೇಳುವ ಮನುಷ್ಯ. ಬಂದ ಹೊಸದರಲ್ಲಿ ಶಾಲೆಯ ಮುಂದೆ ಭಾರಿ ಕಮಾನೊಂದನ್ನು ಕಟ್ಟಿಸಿದರು. ಅದರ ಮೇಲೆ ಆಳೆತ್ತರದ ಸ್ಟೀಲ್ ಅಕ್ಷರಗಳು. ಮರೆಯ ಪರದೆ ಎಳೆದಾಗ ಗುಬ್ಬಿಯ ಬಿಸಿಲಿನಲ್ಲಿ ಆ ಅಕ್ಷರಗಳು ಕಣ್ಣು ಕುಕ್ಕಿದವು. 'ವಿದ್ಯಾಸಂಸ್ಥೆ' ಎಂದು ಇರಬೇಕಾದಲ್ಲಿ 'ವಿಧ್ಯಾಸಂಸ್ಥೆ' ಎಂದಿತ್ತು. ಹೊಟ್ಟೆ ಸೀಳಿದ ಧ.

ಸ್ವಾಗತ ಭಾಷಣ ನನ್ನದೇ ಇತ್ತು. ವೇದಿಕೆಯ ಮೇಲೆ ಶಿಕ್ಷಣ ಇಲಾಖೆಯ ಒಬ್ಬ ಅಧಿಕಾರಿ, ಕೆಳಗೆ ಪೋಷಕರು, ನೆಲದ ಮೇಲೆ ಸಾಲಾಗಿ ಮಕ್ಕಳು. ನಾನು ಮೈಕಿನ ಮುಂದೆ ನಿಂತು ಅತ್ಯಂತ ಗಂಭೀರವಾಗಿ ಹೀಗೆಂದೆ: "ನಮ್ಮ ಕಾರ್ಯದರ್ಶಿಗಳ ಔದಾರ್ಯಕ್ಕೆ ಈ ಕಮಾನೇ ಸಾಕ್ಷಿ. ಹುಟ್ಟಿದಂದಿನಿಂದ ಅಲ್ಪಪ್ರಾಣವಾಗಿ ಬಾಳಿದ್ದ ಒಂದು ಬಡ ಅಕ್ಷರಕ್ಕೆ ಅವರು ಇಂದು ಮಹಾಪ್ರಾಣವನ್ನು ದಯಪಾಲಿಸಿದ್ದಾರೆ."

ಕಾರ್ಯದರ್ಶಿಗಳು ಎದ್ದು ನಿಂತು ಕೈಮುಗಿದರು. ಅಧಿಕಾರಿ ಕರ್ಚೀಫು ತೆಗೆದು ಬಾಯಿಗೆ ಒತ್ತಿಕೊಂಡರು. ಹತ್ತನೇ ತರಗತಿಯ ಸಾಲಿನಲ್ಲಿ ಮೊದಲು ಒಬ್ಬಳು ಕಿಸಕ್ಕೆಂದಳು, ಆಮೇಲೆ ಇಡೀ ಸಾಲು. ವ್ಯಾಕರಣ ಕಲಿಸಿದ್ದು ಸಾರ್ಥಕವಾಯಿತು ಎಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಿದ್ದು ನಿಜ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ಗುಬ್ಬಿಯ ವಾಟ್ಸಾಪ್ ಗುಂಪುಗಳಲ್ಲೆಲ್ಲ ಕಾರ್ಯದರ್ಶಿಗಳು ಕೈಮುಗಿಯುತ್ತಿದ್ದರು.

ಮಾರನೆಯ ದಿನ ಸ್ಟಾಫ್ ರೂಮಿನ ಗೋಡೆಯ ಮೇಲೆ ಹೊಸ ಟೈಮ್ ಟೇಬಲ್ ಅಂಟಿಸಿತ್ತು. ಕನ್ನಡದ ಪೀರಿಯಡ್ಡುಗಳ ಮುಂದೆ ಡ್ರಾಯಿಂಗ್ ಮೇಷ್ಟ್ರ ಹೆಸರು. ನನ್ನ ಹೆಸರು ಎಲ್ಲೂ ಇರಲಿಲ್ಲ. ಕೇಳಿದ್ದಕ್ಕೆ ಕಾರ್ಯದರ್ಶಿಗಳು ನಮಸ್ಕಾರ ಹೇಳಿ, "ಸ್ವಲ್ಪ ದಿನ ಲೈಬ್ರರಿ ನೋಡ್ಕೊಳಿ ಮೇಷ್ಟ್ರೇ. ಮುಂದಿನ ವರ್ಷದ ವಿಚಾರ ಕಮಿಟೀಲಿ ಮಾತಾಡಿ ಹೇಳ್ತೀವಿ," ಎಂದರು. ಲೈಬ್ರರಿ ಎಂದರೆ ಎರಡು ಬೀರು, ಬೀಗ ಹಾಕಿದ್ದು. ಬೀಗದ ಕೈ ಕಾರ್ಯದರ್ಶಿಗಳ ಹತ್ತಿರ. ನಾನು ಮುಚ್ಚಿದ ಬೀರುಗಳ ಎದುರು ಕುಳಿತು ಅವುಗಳನ್ನು ನೋಡಿಕೊಂಡೆ. ಡ್ರಾಯಿಂಗ್ ಮೇಷ್ಟ್ರು ಒಳ್ಳೆಯವರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬಂದು, "ಸಾರ್, ಈ ಸಮಾಸ ಅಂದ್ರೆ ಏನ್ ಸಾರ್? ಬೋರ್ಡ್ ಮೇಲೆ ಹೆಂಗ್ ಬರೀಬೇಕು?" ಎಂದು ಕೇಳಿಕೊಂಡು ಹೋಗುತ್ತಿದ್ದರು. ಅವರು ಬೋರ್ಡಿನ ಮೇಲೆ ಬರೆದ ಸಮಾಸ ನೋಡಲು ಬಹಳ ಸುಂದರವಾಗಿತ್ತಂತೆ, ಸುತ್ತ ಬಳ್ಳಿಯ ಅಂಚು ಹಾಕಿದ್ದರಂತೆ.

ನಾನು ತಮಾಷೆಯಾಗಿ ಬರೆಯುತ್ತಿದ್ದೇನೆ. ಆಗ ತಮಾಷೆಯಾಗಿರಲಿಲ್ಲ. ನನಗೆ ಬೇರೆ ಕಸುಬು ಬರುವುದಿಲ್ಲ. ಪಾಠ ಮಾಡುವುದೊಂದೇ ಗೊತ್ತು. ನನ್ನ ವಯಸ್ಸಿನ ಕನ್ನಡ ಮೇಷ್ಟ್ರನ್ನು ಇನ್ನೊಂದು ಖಾಸಗಿ ಶಾಲೆ ಕರೆದು ಕೂರಿಸುವುದಿಲ್ಲ. ಕಮಿಟಿ ಸೇರುವ ಮುಂಚೆ ಆ ಪೀರಿಯಡ್ಡುಗಳು ನನಗೆ ವಾಪಸು ಬರಬೇಕಿತ್ತು. ಬರದಿದ್ದರೆ ಮುಂದಿನ ಜೂನ್‌ನಲ್ಲಿ ನಾನು ಮೇಷ್ಟ್ರಲ್ಲ.

ಇದನ್ನೆಲ್ಲ ಟೀ ಅಂಗಡಿಯ ಬೆಂಚಿನ ಮೇಲೆ ಕೇಳಿದ ಸಾಹೇಬರು ಕುಳಿತಲ್ಲೇ ನೆಟ್ಟಗಾದರು.

"ಯಾರು ನಿಮ್ಮ ಸೆಕ್ರೆಟರಿ? ಆ ದೊಡ್ಡವರ ಮಗಾನಾ? ಅರೆ, ಅವನ ತಾಯಿ ಕುಣಿಗಲ್ಲೋರು ಮೇಷ್ಟ್ರೇ! ನಮ್ಮ ಗೋಡೆಗೆ ಅವರ ಗೋಡೆ. ರಜಾ ಬಂತು ಅಂದ್ರೆ ಆ ಹುಡುಗ ನಮ್ಮನೇಲೇ ಬಿದ್ದಿರ್ತಿದ್ದ. ಈಗ್ಲೂ ಎಲ್ಲಿ ಕಂಡ್ರೂ ಚಾಚಾ ಅಂತಾನೆ. ಈ ಭಾನುವಾರ ಅವನ ಸೋದರಮಾವನ ಮನೇಲಿ ಮಗೂಗೆ ನಾಮಕರಣ, ನಂಗೂ ಹೇಳವ್ರೆ. ನಾನು ಮಾತಾಡ್ತೀನಿ."

"ನಾನೂ ಬರ್ತೀನಿ."

"ಬನ್ನಿ, ಆದ್ರೆ ಮನೆಗೆ ಬರ್ಬೇಡಿ. ಬಸ್ ಸ್ಟ್ಯಾಂಡ್ ಹತ್ರ ಕೂತ್ಕೊಳಿ. ನೀವು ಬಂದ್ರೆ ಬಾಯಿ ಬಿಡ್ತೀರಿ. ಅಲ್ಲಿ ಮಗೂಗೆ ಇಡೋ ಹೆಸರಲ್ಲೂ ತಪ್ಪು ಹುಡುಕ್ತೀರಿ."

ಭಾನುವಾರ ಇಬ್ಬರೂ ಕುಣಿಗಲ್ ಬಸ್ಸು ಹತ್ತಿದೆವು. ಕುಣಿಗಲ್ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಒಂದು ಕಾಫಿಗೆ ಎಷ್ಟು ಹೊತ್ತು ಕೂರಬಹುದೋ ಅಷ್ಟು ಹೊತ್ತು ಕೂತೆ. ಆಮೇಲೆ ನಾಚಿಕೆಗೆ ಒಂದು ಇಡ್ಲಿ, ಆಮೇಲೆ ಭಯಕ್ಕೆ ಒಂದು ವಡೆ ತಿಂದೆ. ಬಿಸಿಲು ನೆತ್ತಿಗೆ ಬಂದಾಗ ಸಾಹೇಬರು ರಸ್ತೆ ದಾಟಿ ಬಂದರು. ಕೈಯಲ್ಲಿ ಹೋಳಿಗೆಯ ಪೊಟ್ಟಣ, ಮುಖದಲ್ಲಿ ದಂಡು ಗೆದ್ದ ಕಳೆ.

"ಆಯ್ತು ಮೇಷ್ಟ್ರೇ. ಫತೇ!"

"ಏನಂದ್ರು?"

"ಏನಂತಾನೆ? ನೋಡು ಬೇಟಾ, ಮೇಷ್ಟ್ರು ಬಾಯಿ ಹರಿತ, ದಿಲ್ ಸಾಫು. ಇಬ್ರೂ ಒಂದು ರಾಜೀನಾಮಾ ಮಾಡ್ಕೊಂಡ್ಬಿಡಿ, ಮುಗ್ದೋಗ್ಲಿ ಅಂದೆ. ಅವನು ಸ್ವಲ್ಪ ಹೊತ್ತು ನನ್ನ ಮುಖಾನೇ ನೋಡ್ದ. ಆಮೇಲೆ ನಕ್ಕ. 'ರಾಜೀನಾಮೆನಾ ಚಾಚಾ? ಮೇಷ್ಟ್ರು ಕೊಡ್ತಾರಾ?' ಅಂದ. ಯಾಕ್ ಕೊಡಲ್ಲ, ನಾನು ಬರೆಸ್ತೀನಿ ಅಂದೆ. 'ಹಂಗಾದ್ರೆ ನಾಳೆನೇ ಕಳ್ಸಿಬಿಡಿ, ನಾನೂ ರಾಜಿ' ಅಂತ ನನ್ನ ಎರಡೂ ಕೈ ಹಿಡ್ಕೊಂಡ. ತಗೊಳಿ, ಹೋಳಿಗೆ ತಿನ್ನಿ."

ಬಾಯಿಗಿಟ್ಟ ಹೋಳಿಗೆ ಅಲ್ಲೇ ನಿಂತಿತು. "ಸಾಹೇಬ್ರೇ," ಎಂದೆ, "ನೀವು ನನ್ನ ಕೆಲಸ ಬಿಡಿಸಿ ಬಂದ್ರಲ್ಲ!"

ಅವರಿಗೆ ಅರ್ಥವಾಗಲಿಲ್ಲ. ಜೀವಮಾನವೆಲ್ಲ ಉರ್ದು ಓದಿ ಉರ್ದು ಕಲಿಸಿದವರು. ಕೆಲಸ ಬಿಡುವುದಕ್ಕೆ ಅವರಲ್ಲಿ ಇಸ್ತೀಫಾ ಎಂಬ ಬೇರೆಯೇ ಪದ ಇದೆ. ರಾಜೀನಾಮಾ ಎಂದರೆ ಜಗಳವಾಡಿದವರಿಬ್ಬರೂ ಒಪ್ಪಿ ಬರೆದುಕೊಳ್ಳುವ ಕಾಗದ. ಸಂತೋಷದ ಕಾಗದ. ಕನ್ನಡದಲ್ಲಿ ಅದೇ ಪದ ಮನುಷ್ಯ ಕುರ್ಚಿ ಬಿಟ್ಟು ಏಳುವ ಕಾಗದ ಎಂದು ನಾನು ವಿವರಿಸಿದಾಗ ಅವರು ಎರಡೂ ಕೆನ್ನೆಗೆ ಮೆಲ್ಲಗೆ ಹೊಡೆದುಕೊಂಡರು. "ತೋಬಾ ತೋಬಾ! ಹಂಗೆಂಗಾಯ್ತದೆ? ರಾಜಿ ಅಂದ್ರೆ ಖುಷಿ ಮೇಷ್ಟ್ರೇ. ಅರಬ್ಬಿಯಿಂದ ಬಂದಿದ್ದು. ಖುಷಿ ಇಲ್ದೆ ರಾಜಿ ಎಲ್ಲಿಂದ ಬಂತು?"

ಈಗ ನಾವು ಮಾಡಬೇಕಾಗಿದ್ದ ಕೆಲಸ ಬಹಳ ಸುಲಭದ್ದು. ಎದ್ದು ಆ ಮನೆಗೆ ವಾಪಸು ಹೋಗಿ, ತಪ್ಪು ತಿಳುವಳಿಕೆಯಾಗಿದೆ, ಮೇಷ್ಟ್ರು ಕೆಲಸ ಬಿಡುವುದಿಲ್ಲ ಎಂದು ಒಂದು ಮಾತು ಹೇಳುವುದು. ಓದಿದ ಇಬ್ಬರು ಮೇಷ್ಟ್ರುಗಳು ಎದುರುಬದುರು ಕುಳಿತಾಗ ಸುಲಭದ ಕೆಲಸ ಹೊಳೆಯುವುದಿಲ್ಲ. ನಾವು ಶಬ್ದದ ಚರ್ಚೆಗೆ ಇಳಿದೆವು. ಹಿಂದಿನ ಕಾಲದಲ್ಲಿ ರೈತ ಜಮೀನು ಬಿಟ್ಟುಕೊಡುವಾಗ, ಸ್ವಸಂತೋಷದಿಂದ ಬಿಟ್ಟಿದ್ದೇನೆ ಎಂದು ಸರ್ಕಾರಕ್ಕೆ ಬರೆದುಕೊಡುತ್ತಿದ್ದ ಕಾಗದಕ್ಕೂ ಇದೇ ಹೆಸರಿತ್ತು, ಅಲ್ಲಿಂದ ಈ ಅರ್ಥ ಬಂದಿರಬೇಕು ಎಂದೆ ನಾನು. ಸಂತೋಷದಿಂದ ಯಾರು ಜಮೀನು ಬಿಡ್ತಾರೆ ಎಂದರು ಅವರು. ಅದಕ್ಕೇ ಬರೆಸಿಕೊಳ್ಳುತ್ತಿದ್ದರು ಎಂದೆ. ಸಂಸ್ಕೃತದಲ್ಲೂ ಒಂದು ರಾಜಿ ಇದೆ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಅಲ್ಲಿ ಅದು ಸಾಲು, ಗೆರೆ. ವನರಾಜಿ ಎಂದರೆ ಮರಗಳ ಸಾಲು ಎಂದೂ ಸೇರಿಸಿದೆ. "ವಾಹ್!" ಎಂದರು. ಆಮೇಲೆ ಕನ್ನಡದ ಪತ್ರಿಕೆಗಳಲ್ಲಿ 'ರಾಜಿಯಿಲ್ಲದ ಹೋರಾಟಗಾರ' ಎಂದು ಹೊಗಳುತ್ತಾರಲ್ಲ, ನಿಮ್ಮ ಲೆಕ್ಕದಲ್ಲಿ ಅದರ ಅರ್ಥ 'ಸಂತೋಷವಿಲ್ಲದ ಹೋರಾಟಗಾರ' ಎಂದಾಯಿತು ಎಂದು ನಾನು ಹೇಳಿದಾಗ, ಸಾಹೇಬರು ಹೋಟೆಲಿನವರೆಲ್ಲ ತಿರುಗಿ ನೋಡುವಂತೆ ನಕ್ಕರು. ನಾನೂ ನಕ್ಕೆ. ನನ್ನ ಕೆಲಸ ಹೋಗುತ್ತಿದ್ದ ಮಧ್ಯಾಹ್ನ ನಾನು ಅಷ್ಟು ನಕ್ಕಿದ್ದೇನೆ.

ನಗು ಮುಗಿದ ಮೇಲೆ ಸಾಹೇಬರೇ ಸಮಾಧಾನ ಹೇಳಿದರು. "ಹೆದರ್ಬೇಡಿ. ಆ ಹುಡುಗ ನಮ್ಮನೇಲಿ ಬೆಳ್ದೋನು. ಉರ್ದು ಚೆನ್ನಾಗಿ ಬರ್ತದೆ. ಕೆಲ್ಸ ಬಿಡ್ತಾರೆ ಅಂದ್ಕೊಂಡಿದ್ರೆ 'ನಾನೂ ರಾಜಿ' ಅಂತ ಯಾಕಂತಿದ್ದ? ಅವ್ನಿಗೆ ನನ್ನ ಮಾತು ನನ್ನ ಅರ್ಥದಲ್ಲೇ ತಿಳ್ದೈತೆ."

ಇದು ನನಗೆ ಸರಿಯೆನಿಸಿತು. ಅದಕ್ಕಿಂತ ಹೆಚ್ಚಾಗಿ ಒಂದು ಹೊಳಹು ಬಂದು ಮೈಯೆಲ್ಲ ಬೆಚ್ಚಗಾಯಿತು. ಕೆಲಸ ಬಿಡುವ ಕಾಗದವನ್ನು ಕನ್ನಡದಲ್ಲಿ ರಾಜೀನಾಮೆ ಎಂದು ಬರೆಯುತ್ತೇವೆ, ಜೀ ದೀರ್ಘ. ಒಪ್ಪಂದ ಮಾತ್ರ ರಾಜಿ, ಜಿ ಹ್ರಸ್ವ. ಹಾಗಾದರೆ ನಾನು 'ರಾಜಿನಾಮೆ' ಎಂದು ಹ್ರಸ್ವ ಇಟ್ಟು ಬರೆದರೆ ಅದು ಒಪ್ಪಂದದ ಕಾಗದವೇ ಹೊರತು ಬೇರೆ ಆಗಲು ಸಾಧ್ಯವಿಲ್ಲ. ವ್ಯಾಕರಣವೇ ನನ್ನ ಬೆನ್ನಿಗೆ ನಿಲ್ಲುತ್ತದೆ. ದ ಯಾವುದು ಧ ಯಾವುದು ಎಂದು ಗೊತ್ತಿಲ್ಲದೆ ಆಳೆತ್ತರದ ಅಕ್ಷರ ನಿಲ್ಲಿಸಿದ ಶಾಲೆಯವರು, ಜಿ ಯಾವುದು ಜೀ ಯಾವುದು ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ ಎಂದು ನಾನು ನಂಬಿದೆ. ಹೀಗೆ ನಂಬುವುದಕ್ಕೆ ಎಂ.ಎ. ಓದಿರಬೇಕು.

ಮನೆಯಲ್ಲಿ ಬರೆಯಲು ಕುಳಿತಾಗ ಹೆಂಡತಿ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಅಲ್ಲಾ ರೀ, ತಪ್ಪಾಯ್ತು ಅಂತ ಎರಡು ಸಾಲು ಬರ್ಕೊಟ್ರೆ ಸಾಲ್ದಾ? ಆ ಹಾಳು ಹೆಸರು ಯಾಕೆ ತಲೆ ಮೇಲೆ?"

"ಇದು ಆ ಪದ ಅಲ್ಲ ಕಣೇ. ನೋಡು, ಜಿ. ಹ್ರಸ್ವ."

"ನಿಮ್ಮ ಹ್ರಸ್ವಾನ ಅಲ್ಲಿ ಯಾರು ನೋಡ್ತಾರೆ? ನಂಗೇ ಕನ್ನಡಕ ಇಲ್ದೆ ಕಾಣ್ತಿಲ್ಲ."

ಅವಳು ಹೇಳಿದ್ದು ಕೇಳಬಹುದಾಗಿತ್ತು. ಆದರೆ 'ತಪ್ಪಾಯ್ತು' ಎನ್ನುವ ಪದ ಪೆನ್ನಿನಿಂದ ಇಳಿಯಲಿಲ್ಲ. ತಪ್ಪಿದ್ದದ್ದು ಕಮಾನು, ನಾನಲ್ಲ. ರಾಜಿ ಎಂಬ ಪದ ಹೇಗೆಂದರೆ, ಬಗ್ಗಿದವನಿಗೂ ನೆಟ್ಟಗೆ ನಿಂತಿದ್ದೇನೆ ಅನ್ನಿಸುವಂತೆ ಮಾಡುತ್ತದೆ. ಆ ಅನುಕೂಲ ನನಗೆ ಬೇಕಿತ್ತು. ಒಳ್ಳೆಯ ಪತ್ರ ಚಿಕ್ಕದಾಗಿರಬೇಕು ಎಂದು ಮಕ್ಕಳಿಗೆ ಹೇಳಿಕೊಡುವವನಾದ್ದರಿಂದ ಚಿಕ್ಕದಾಗಿಯೇ ಬರೆದೆ: 'ವಿಷಯ: ರಾಜಿನಾಮೆ. ಇದುವರೆಗೆ ನಡೆದುದೆಲ್ಲವನ್ನೂ ಇಲ್ಲಿಗೆ ಮುಗಿಸಲು ಸ್ವಸಂತೋಷದಿಂದ ಒಪ್ಪಿ ಈ ರಾಜಿನಾಮೆಯನ್ನು ಸಲ್ಲಿಸುತ್ತಿದ್ದೇನೆ. ದಯಮಾಡಿ ಅಂಗೀಕರಿಸಬೇಕು.' ಓದಿ ನೋಡಿದೆ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಂಥ ಪತ್ರಕ್ಕೆ ಪರೀಕ್ಷೆಯಲ್ಲಿ ನಾನೇ ಪೂರ್ತಿ ಅಂಕ ಕೊಡುತ್ತಿದ್ದೆ.

ಸೋಮವಾರ ಅದನ್ನು ಆಫೀಸಿನಲ್ಲಿ ಕೊಟ್ಟೆ. ಗುಮಾಸ್ತ ನಿಟ್ಟೂರಿನವನು, ದಿನಾ ಬೈಕಿನಲ್ಲಿ ಬರುತ್ತಾನೆ. ಹೆಲ್ಮೆಟ್ ತೆಗೆಯುತ್ತಲೇ ಕಾಗದದ ಮೇಲೆ ಕಣ್ಣಾಡಿಸಿದವನು ಹೆಲ್ಮೆಟ್ಟನ್ನು ಅರ್ಧಕ್ಕೇ ನಿಲ್ಲಿಸಿದ.

"ಏನ್ ಸಾರ್, ನಿಜವಾಗ್ಲೂ ಕೊಡ್ತಾ ಇದೀರಾ?"

"ಸರಿಯಾಗಿ ಓದಯ್ಯ. ಜೀ ಅಲ್ಲ, ಜಿ."

"ಓದ್ದೆ ಸಾರ್. ಒಳಗೆ ಕೊಡ್ತೀನಿ," ಎಂದ. ಅವನ ದನಿ ಮೆತ್ತಗಾಗಿತ್ತು. ಸತ್ತವರ ಮನೆಯಲ್ಲಿ ಜನ ಮಾತಾಡುವ ದನಿ ಅದು ಎಂದು ನನಗೆ ಹೊಳೆದದ್ದು ಆಮೇಲೆ.

ಎರಡು ದಿನ ಬಿಟ್ಟು ಕಾರ್ಯದರ್ಶಿಗಳು ಕರೆಸಿದರು. ಎದ್ದು ನಮಸ್ಕಾರ ಹೇಳಿದರು. ಕೂರಿಸಿದರು. ಟೀ ತರಿಸಿದರು. ಆಮೇಲೆ ಟೈಪ್ ಮಾಡಿದ ಹಾಳೆಯೊಂದನ್ನು ನನ್ನ ಕಡೆ ಸರಿಸಿದರು. 'ತಾವು ಸಲ್ಲಿಸಿರುವ ರಾಜೀನಾಮೆಯನ್ನು ಆಡಳಿತ ಮಂಡಳಿಯು ಅಂಗೀಕರಿಸಿದೆ' ಎಂದಿತ್ತು. ಅದರ ಹಿಂದೆ ನನ್ನ ಪತ್ರದ ನಕಲು ಪಿನ್ ಹಾಕಿತ್ತು. ನಾನು ಬರೆದ ಜಿ ಪಕ್ಕದಲ್ಲಿ, ಎರಡೂ ಕಡೆ, ಕೆಂಪು ಶಾಯಿಯಲ್ಲಿ ಗುಡಿಸಿನ ದೀರ್ಘ ಎಳೆದಿತ್ತು.

"ಇದು ರಾಜೀನಾಮೆ ಅಲ್ಲ," ಎಂದೆ. "ರಾಜಿ. ಒಪ್ಪಂದ. ಸಾಹೇಬ್ರು ನಿಮ್ಮ ಹತ್ರ ಮಾತಾಡಿದ್ದು ಅದನ್ನೇ."

"ಹೌದಲ್ವಾ? ಚಾಚಾ ರಾಜೀನಾಮೆ ಅಂದ್ರು, ನೀವೂ ಅದನ್ನೇ ಬರ್ದಿದೀರಿ. ಇಲ್ಲಿಗೆ ಮುಗಿಸಲು ಒಪ್ಪಿದ್ದೇನೆ, ಅಂಗೀಕರಿಸಬೇಕು ಅಂತಾನೂ ಐತೆ." ಅವರು ಬೆರಳ ತುದಿಯಿಂದ ಆ ಕೆಂಪು ಗೆರೆಯನ್ನು ತಟ್ಟಿದರು. "ಒಂದು ದೀರ್ಘ ಬಿಟ್ಟೋಗಿತ್ತು ಮೇಷ್ಟ್ರೇ. ನಮ್ ಗುಮಾಸ್ತರು ಹಾಕವ್ರೆ. ನಿಮ್ಮಂಥೋರಿಗೂ ಕಾಗುಣಿತ ತಪ್ತದೆ ಅಂತ ಗೊತ್ತಾಗಿ ನಂಗೆ ಬಾಳ ಸಮಾಧಾನ ಆಯ್ತು."

ಟೀ ತಣ್ಣಗಾಯಿತು. ನಾನು ಹೊರಗೆ ಬಂದಾಗ ಗುಮಾಸ್ತ ತಲೆ ತಗ್ಗಿಸಿಕೊಂಡು ಹೇಳಿದ, "ಸಾರ್, ನೀವೇ ತಾನೆ ಸಾರ್ ಸರಿಯಾಗಿ ಓದು ಅಂದಿದ್ದು? ಜೀ, ಜಿ ಅಂತ ಏನೋ ಅಂದ್ರಲ್ಲ, ಜೀ ಆಗ್ಬೇಕು ಅಂದ್ಕೊಂಡೆ. ಅದ್ಕೇ ತಿದ್ದಿದೆ." ಅವನ ಮೇಲೆ ಕೋಪ ಮಾಡಿಕೊಳ್ಳಲು ಆಗಲಿಲ್ಲ. ಆ ಆವರಣದಲ್ಲಿ ಒಬ್ಬರ ಕಾಗುಣಿತವನ್ನು ಇನ್ನೊಬ್ಬರು ತಿದ್ದುವ ಪದ್ಧತಿ ಹಾಕಿದವನು ನಾನೇ.

ಸಂಸ್ಕೃತದ ರಾಜಿ ಆಗ ನೆನಪಾಯಿತು. ಸಾಲು, ಗೆರೆ. ಆ ಕೆಂಪು ಗೆರೆಯೂ ರಾಜಿಯೇ. ಅರಬ್ಬಿಯ ಸಂತೋಷ ಕಾರ್ಯದರ್ಶಿಗಳ ಪಾಲಿಗೆ ಹೋಗಿತ್ತು. ಸಂಸ್ಕೃತದ ಗೆರೆ ನನ್ನ ಕಾಗದದ ಮೇಲೆ ಬಿದ್ದಿತ್ತು. ಕನ್ನಡದ ಅರ್ಥ ಮಾತ್ರ ಕೆಲಸ ಮಾಡಿತ್ತು.

ಸಾಹೇಬರು ಸುದ್ದಿ ಕೇಳಿದವರೇ ಮರುದಿನ ಗುಬ್ಬಿಗೆ ಹೋದರು. ಮಂಡಿ ನೋವಿನ ಮನುಷ್ಯ, ಬಸ್ಸಿನಲ್ಲಿ ನಿಂತುಕೊಂಡೇ ಹೋಗಿದ್ದರಂತೆ. ಸಂಜೆ ಬೆಂಚಿನ ಮೇಲೆ ನಾನು ಕಾದೆ. ಅವರು ಬಂದು ಕುಳಿತರು. ಬಹಳ ಹೊತ್ತು ಟೀ ಮುಟ್ಟಲಿಲ್ಲ.

"ಏನಂದ್ರು ಸಾಹೇಬ್ರೇ?"

"ಮರ್ಯಾದೆಯಿಂದಾನೇ ಮಾತಾಡ್ದ. ಕುರ್ಚಿ ಕೊಟ್ಟ. ನಾನು ಹೇಳ್ದೆ, ಬೇಟಾ, ನನ್ನ ಭಾಷೇಲಿ ರಾಜೀನಾಮಾ ಅಂದ್ರೆ ಸಮಾಧಾನ, ನಿಂಗೆ ತಪ್ಪು ತಿಳೀತು ಅಂತ." ಅವರು ಲೋಟದ ಅಂಚನ್ನು ಒರೆಸಿದರು. "ಅವನಂದ, 'ಇಲ್ಲ ಚಾಚಾ, ನಂಗೆ ಅವತ್ತೇ ಸರಿಯಾಗಿ ತಿಳೀತು. ಉರ್ದು ನಿಮ್ಮನೇಲೇ ತಾನೆ ಕಲ್ತಿದ್ದು? ಆದ್ರೆ ಏನ್ ಮಾಡೋದು, ನಮ್ದು ಕನ್ನಡ ಶಾಲೆ' ಅಂದ."

ಕಾಗುಣಿತ ಬಾರದವನಿಗೆ ಅರ್ಥವೂ ಬರುವುದಿಲ್ಲ ಎಂದು ನಾನು ಇಷ್ಟು ಕಾಲ ತಿಳಿದಿದ್ದೆ. ಅದರ ಮೇಲೆಯೇ ನನ್ನ ಹಾಸ್ಯವೆಲ್ಲ ನಿಂತಿತ್ತು. ಆ ಶಾಲೆಯಲ್ಲಿ ರಾಜೀನಾಮೆ ಎಂಬ ಪದದ ಎರಡೂ ಅರ್ಥ ಬಲ್ಲವರು ಇಬ್ಬರೇ ಇದ್ದೆವು. ಅದರಲ್ಲಿ ಒಬ್ಬರು ಕಾರ್ಯದರ್ಶಿಗಳು.

ಆಮೇಲೆ ತುಮಕೂರಿನಲ್ಲೇ ಒಬ್ಬ ವಕೀಲರನ್ನು ಕಂಡೆ. ಹಿಂದೆ ನನ್ನ ಹತ್ತಿರ ಓದಿದವರು. ಪತ್ರದ ನಕಲನ್ನು ತಿರುಗಿಸಿ ಮುರುಗಿಸಿ ನೋಡಿದರು. ಹ್ರಸ್ವ ದೀರ್ಘದ ವಾದವನ್ನು ನಾನು ಪೂರ್ತಿಯಾಗಿ, ಉದಾಹರಣೆ ಸಹಿತ, ಮುಂದಿಟ್ಟೆ. ಕ್ಲಾಸಿನಲ್ಲಿ ಕೂತಿದ್ದ ಹಾಗೇ ಕೈಕಟ್ಟಿಕೊಂಡು ಕೇಳಿದರು. ಕೊನೆಗೆ ನಿಟ್ಟುಸಿರು ಬಿಟ್ಟು ಹೇಳಿದರು: "ಸಾರ್, ನಿಮ್ಮ ಸಹಿ ಐತೆ, ಸ್ವಸಂತೋಷದಿಂದ ಅಂತ ಬೇರೆ ಬರ್ದಿದೀರಿ. ಕೋರ್ಟು ಗೀರ್ಟು ಅಂತ ಅಲೀಬೇಡಿ. ನನ್ ಮಾತು ಕೇಳಿ, ಅವ್ರ ಹತ್ರಾನೇ ಹೋಗಿ ಒಂದು ರಾಜಿ ಮಾಡ್ಕೊಂಬುಡಿ."

ಹೆಂಡತಿ ಒಂದು ಮಾತೂ ಆಡಲಿಲ್ಲ. ಅದು ಅವಳ ದೊಡ್ಡತನ ಎಂದು ಜನ ಅನ್ನಬಹುದು. ಜೊತೆಯಲ್ಲಿ ಇರುವವನಿಗೆ ಗೊತ್ತು, ಆಡಿದ್ದರೆ ವಾಸಿಯಿತ್ತು. ಈಗ ಅವಳು ತರಕಾರಿ ಚೀಟಿ ಬರೆದುಕೊಡುವಾಗ ಬದನೆಕಾಯಿಗೆ ದೀರ್ಘ ಸರಿಯಾಗಿದೆಯೇ ಎಂದು ತೋರಿಸಿ ಕೇಳುತ್ತಾಳೆ. ಮುಖದಲ್ಲಿ ನಗುವಿರುವುದಿಲ್ಲ.

ಸಾಹೇಬರು ಈಗಲೂ ಬೆಂಚಿಗೆ ಬರುತ್ತಾರೆ, ನಾನೂ ಹೋಗುತ್ತೇನೆ. ರೈಲಿನಿಂದ ಇಳಿಯುವುದಿಲ್ಲ, ಮನೆಯಿಂದ ನಡೆದು ಹೋಗುತ್ತೇನೆ. 'ಬಂದಾ ಬಂದ' ಎಂದು ಅವರು ಈಗ ಅನ್ನುವುದಿಲ್ಲ. ಎಲ್ಲಿಂದಲೂ ಬರದವನಿಗೆ ಏನೆಂದು ಹೇಳುತ್ತಾರೆ? ಒಂದು ಸಂಜೆ ಆಟ ಮತ್ತೆ ಶುರುಮಾಡೋಣ ಎಂದು ನಾನೇ ಒಂದು ಪದ ತಂದೆ. ಹೇಳುವ ಮೊದಲೇ ಅವರು ಕೈ ಅಡ್ಡ ಹಿಡಿದರು.

"ಬೇಡ ಮೇಷ್ಟ್ರೇ. ಒಂದು ಅರ್ಥ ಇರೋ ಮಾತೇ ಆಡೋಣ. ಟೀಗೆ ಸಕ್ಕರೆ ಸರಿ ಐತಾ?"

"ಸರಿ ಇದೆ," ಎಂದೆ. ಸಕ್ಕರೆ ಇರಲೇ ಇಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಒಂಬತ್ತನೇ ತರಗತಿಗೆ ಡ್ರಾಯಿಂಗ್ ಮೇಷ್ಟ್ರೇ ಕನ್ನಡ ಪಾಠ ಮಾಡುತ್ತಿದ್ದಾರೆ. ಕಮಾನಿನ ಮೇಲಿನ ಧ ಹಾಗೇ ಇದೆ.